ತುತ್ತು ಮತ್ತು ಗಾಳ

ಮೀನಿಗೆ ತುತ್ತನ್ನು ಹಾಕುವುದು ದಯೆ. ಆ ತುತ್ತಿನೊಳಗೆ ಗಾಳವನ್ನಿಡುವುದು ವಂಚನೆ. ಇಷ್ಟನ್ನು ಮಕ್ಕಳೂ ಬಲ್ಲರು. ಆದರೆ ಹತ್ತು ದಿನ ಬರಿಯ ತುತ್ತನ್ನೇ ಹಾಕಿ ಹನ್ನೊಂದನೆಯ ದಿನ ಗಾಳವನ್ನಿಟ್ಟರೆ, ಮೊದಲಿನ ಹತ್ತು ದಿನಗಳ ಕಾರ್ಯವನ್ನು ಯಾವ ಹೆಸರಿನಿಂದ ಕರೆಯತಕ್ಕದ್ದು?

ಬಸವಕಲ್ಯಾಣದವರಿಗೆ ಈ ಪ್ರಶ್ನೆ ಹೊರಗಿನದಲ್ಲ. ಆ ಊರನ್ನು ರಾಜಧಾನಿಯನ್ನಾಗಿಸಿಕೊಂಡು ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದೊಳಗೆ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವೇ ಉಂಟು. ಮೀನುಗಳ ಜಾತಿಗಳಾವುವು, ಯಾವುದಕ್ಕೆ ಯಾವ ಆಹಾರವು ರುಚಿಸುವುದು, ದಾರ, ಕೋಲು, ಗಾಳಗಳು ಹೇಗಿರಬೇಕು ಎಂಬುದೆಲ್ಲವೂ ಅಲ್ಲಿದೆ. ಮೀನುಗಳನ್ನು ಮೊದಲು ಉಣಿಸಿ ರೂಢಿಸುವ ಕ್ರಮವೂ ಇದೆ. ಇದನ್ನು ಬರೆದವನು ಕ್ರೂರಿಯೆಂದು ತೋರುವುದಿಲ್ಲ. ಮೀನನ್ನು ಚೆನ್ನಾಗಿ ಬಲ್ಲವನೆಂದು ತೋರುತ್ತದೆ. ಅಷ್ಟು ಬಲ್ಲವನೇ ಹಾಗೆ ಮಾಡಿದನೆಂಬುದರಲ್ಲಿ ಮನಸ್ಸು ನೆಟ್ಟು ನಿಲ್ಲುತ್ತದೆ.

ಇದರ ಪಕ್ಕದಲ್ಲಿ ಪಶ್ಚಿಮದವರ ಮತ್ತೊಂದು ಉಪಾಯವನ್ನಿಟ್ಟು ನೋಡಬಹುದು. ಅವರು ತುತ್ತನ್ನೇ ಕೊಡುವುದಿಲ್ಲ. ನೊಣದ ವೇಷವನ್ನು ಕೊಡುತ್ತಾರೆ. ಸುಮಾರು ಕ್ರಿ. ಶ. 200ರಲ್ಲಿದ್ದ ಈಲಿಯನ್ ಎಂಬ ಲೇಖಕನು ಮ್ಯಾಸಿಡೋನಿಯದ ಹೊಳೆಯೊಂದರ ಬೆಸ್ತರನ್ನು ಕುರಿತು ಹೇಳುವ ಮಾತು ಸ್ವಾರಸ್ಯವಾಗಿದೆ. ಅಲ್ಲಿಯ ಮೀನುಗಳು ನೀರಿನ ಮೇಲೆ ಹಾರುವ ಒಂದು ನೊಣವನ್ನು ತಿನ್ನುತ್ತಿದ್ದುವು. ಆದರೆ ಮನುಷ್ಯನ ಕೈ ಸೋಕಿದೊಡನೆ ಆ ನೊಣದ ಬಣ್ಣ ಕೆಟ್ಟು ರೆಕ್ಕೆ ಬಾಡುತ್ತಿತ್ತು. ಆದಕಾರಣ ಅವರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗಲ್ಲದ ಕೆಳಗಿನ ಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟಿದರು. ಈ ವಿದ್ಯೆಯು ಇಂಗ್ಲೆಂಡಿನಲ್ಲಿ ಬಹಳ ನಯವನ್ನು ಪಡೆಯಿತು. ರೇಶಿಮೆಯ ದಾರದಿಂದ ಸಣ್ಣ ಮೈ, ಅದರ ಕೊರಳಿಗೆ ಕೌಜುಗದ ಮೆದುವಾದ ಗರಿಯ ಒಂದೆರಡು ಸುತ್ತು, ಅಷ್ಟೇ. ಹೆಚ್ಚು ಸುತ್ತಿದರೆ ಕೆಟ್ಟಿತು. ಒಣಗಿದ್ದಾಗ ಕಸದಂತೆ ಕಾಣುವ ಈ ವಸ್ತುವು ನೀರಿನೊಳಗೆ ಮುಳುಗಿ ಹರಿವಿಗೆ ಸಿಕ್ಕಿದಾಗ ಎಳೆಗಳೆಲ್ಲ ಉಸಿರಾಡುವಂತೆ ತೆರೆದು ಮುಚ್ಚುತ್ತವೆ. ತಳದಿಂದ ಮೇಲಕ್ಕೇರಿ ರೆಕ್ಕೆ ಬಿಡಿಸಹೊರಟ ಹುಳುವೆಂದೇ ಟ್ರೌಟ್ ಮೀನು ಬಗೆಯುತ್ತದೆ. ಟ್ರೌಟ್ ತಣ್ಣೀರಿನ ಮೀನು. ಅದನ್ನು ಹೊರಗಿನಿಂದ ತಂದು ನೀಲಗಿರಿಯ ಹೊಳೆಗಳಲ್ಲಿ ಬಿಟ್ಟರು. 1907ರಲ್ಲಿ ಅವಲಾಂಚಿಯಲ್ಲಿ ಅದರ ಮರಿಗಳನ್ನು ಬೆಳೆಸುವ ಕೇಂದ್ರವಾಯಿತು. ಬೀದರ ಸೀಮೆಯ ಬಿಸಿಲಿನ ನೀರಿಗೆ ಅದು ಬಾಳದು.

ಈಗ ಇಬ್ಬರಲ್ಲಿ ಹೆಚ್ಚಿನ ದೋಷಿ ಯಾರು? ಗರಿಯ ನೊಣದಲ್ಲಿ ಆದ್ಯಂತವೂ ಸುಳ್ಳೇ ಇದೆ. ಅರಸನ ತುತ್ತಾದರೋ ನಿಜವಾದ ಅನ್ನ. ಹೀಗಾಗಿ ನೊಣ ಕಟ್ಟುವವನೇ ದೊಡ್ಡ ವಂಚಕನೆಂದು ಮೊದಲ ನೋಟಕ್ಕೆ ತೋರಬಹುದು. ಅದು ಸರಿಯಲ್ಲ. ಅವನು ಮೀನಿಗೆ ಯಾವ ಭರವಸೆಯನ್ನೂ ಕೊಟ್ಟವನಲ್ಲ. ಬಕವು ಅಲುಗದೆ ನಿಲ್ಲುವುದೂ ವೇಷವೇ. ಅಂತಹ ವೇಷಗಳ ನಡುವೆಯೇ ಮೀನು ಹುಟ್ಟಿ ಬೆಳೆದಿದೆ. ಅರಸನ ಮೀನಾದರೋ ತನ್ನ ಎಚ್ಚರವನ್ನು ಅವನ ಒಳ್ಳೆಯತನದ ಅನುಭವದಿಂದಲೇ ಕಳೆದುಕೊಂಡಿತು. ಮೀನಿನ ನಂಬಿಕೆಯೆಂಬುದು ಬರಿಯ ಅಭ್ಯಾಸವೆಂದು ಆಕ್ಷೇಪಿಸುವವರುಂಟು. ಇರಲಿ, ಆ ಅಭ್ಯಾಸವನ್ನು ಬೆಳೆಯಿಸಿದ ಮನುಷ್ಯನಿಗೆ ತಾನು ಬೆಳೆಯಿಸಿದ್ದೇನೆಂಬುದು ತಿಳಿದಿತ್ತಷ್ಟೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಭಕ್ತರ ಕೈಯ ಅಕ್ಕಿಗೆ ಗುಂಪುಗೂಡುವ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಕ್ಕಿದಾಗ ಜನರು ಮರುಗಿ, ಸತ್ತ ಮೀನುಗಳಿಗೆ ಸ್ಮಾರಕವನ್ನೇ ನಿಲ್ಲಿಸಿದರು. ಬಲೆಗೆ ಬಿದ್ದ ಮೀನಿಗೆ ಯಾರೂ ಸ್ಮಾರಕ ಕಟ್ಟುವುದಿಲ್ಲ.

ಹಾಗೆಂದು ನೊಣ ಕಟ್ಟುವವನು ಶುದ್ಧನಾದನೆಂತಲ್ಲ. ಟ್ರೌಟ್ ಮೀನಿನ ಮುಖದಲ್ಲಿ ನೋವನ್ನರಿಯುವ ನರಗಳಿವೆಯೆಂದು 2003ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ತೋರಿಸಿದರು. ತುಟಿಗೆ ಉರಿಯುವ ದ್ರವವನ್ನು ಚುಚ್ಚಿದಾಗ ಮೀನುಗಳು ತುಟಿಯನ್ನು ಹರಳುಕಲ್ಲಿಗೆ ಉಜ್ಜುತ್ತಿದ್ದುವಂತೆ. ಹಿಡಿದು ಮತ್ತೆ ನೀರಿಗೆ ಬಿಡುವುದೇ ಈಗ ಅನೇಕರ ಸಭ್ಯತೆ. ಜೀವವುಳಿಯಿತು, ನಿಜ, ಆದರೆ ಹೊಟ್ಟೆಗೆಂದು ಹಿಡಿದವನಿಗೆ ಇದ್ದ ಕಾರಣವೂ ಇಲ್ಲಿ ಹೋಯಿತು.

ಕಠಿಣವಾದ ತೊಡಕು ಬೇರೆ ಇದೆ. ತವುಡು, ಹಿಂಡಿಗಳನ್ನು ಚೆಲ್ಲಿ ಮೀನನ್ನು ಕೂಡಿಸಿ ಹಿಡಿಯುವ ಬೆಸ್ತನು ಅರಸನ ಉಪಾಯವನ್ನೇ ಮಾಡುತ್ತಾನಲ್ಲವೆ? ಸೋಮೇಶ್ವರನ ತರುವಾಯ ಒಂದೆರಡು ದಶಕಗಳಲ್ಲಿಯೇ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕಾಯಕಕ್ಕೆ ಗೌರವವನ್ನು ತಂದರು. ದಯೆಯನ್ನೂ ಧರ್ಮದ ಬುಡದಲ್ಲಿಟ್ಟರು. ಬೆಸ್ತನ ಬುಟ್ಟಿಯಲ್ಲಿ ಇವೆರಡೂ ಒಂದನ್ನೊಂದು ತಿಕ್ಕುತ್ತವೆ. ಅವನ ಮನೆಯಲ್ಲಿ ಒಲೆ ಕಾದಿದೆಯೆಂದು ಹೇಳಬಹುದು. ಅದರಿಂದ ತಪ್ಪು ಹಗುರಾಗುತ್ತದೆ, ಇಲ್ಲವಾಗುವುದಿಲ್ಲ.

ಮನುಷ್ಯರು ಮನುಷ್ಯರಿಗಿಕ್ಕುವ ತುತ್ತಿನ ವಿಚಾರವೂ ಇದೇ. ಬರಗಾಲದ ವರ್ಷ ಕೇಳದೆಯೇ ಜೋಳವನ್ನಳೆದುಕೊಟ್ಟು, ಮರುವರ್ಷ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರನ ಕಥೆಯನ್ನರಿಯದ ಹಳ್ಳಿಯಾವುದು? ಬಡ್ಡಿಯನ್ನು ಮೊದಲೇ ನುಡಿದು ಕೊಟ್ಟವನನ್ನು ಜನ ಬೈದು ಮರೆಯುತ್ತಾರೆ, ಇವನನ್ನು ಮರೆಯುವುದಿಲ್ಲ. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ, ಮಾಣಿಕಪ್ರಭುಗಳು 1865ರಲ್ಲಿ ಸಮಾಧಿಸ್ಥರಾದ ಆ ಕ್ಷೇತ್ರದಲ್ಲಿ, ಬಂದವರಿಗೆ ಅನ್ನವಿಕ್ಕುವ ಪದ್ಧತಿಯುಂಟು. ಅಲ್ಲಿ ಪಂಕ್ತಿಯಲ್ಲಿ ಕುಳಿತ ದಾರಿಹೋಕನು ತುತ್ತನ್ನೆತ್ತುವಾಗ ಬಡಿಸುವವನ ಮುಖವನ್ನು ನೋಡುವುದಿಲ್ಲ. ಎಲೆಯನ್ನು ನೋಡಿಕೊಂಡು ಉಣ್ಣುತ್ತಾನೆ.