ನಿದ್ರೆಗೆ ಸಾಕ್ಷಿ ಯಾರು?

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಕಾಶಿಯ ಅರಸ ಅಜಾತಶತ್ರು ಗಾರ್ಗ್ಯನನ್ನು ಮಲಗಿದ್ದವನೊಬ್ಬನ ಬಳಿಗೆ ಕರೆದೊಯ್ದು, ನಿದ್ರೆಯಲ್ಲಿ ಜೀವನು ಇಂದ್ರಿಯಗಳ ಶಕ್ತಿಯನ್ನು ಒಳಗೆಳೆದುಕೊಂಡು ಹೃದಯದೊಳಗಿನ ಆಕಾಶದಲ್ಲಿ ವಿಶ್ರಮಿಸುತ್ತಾನೆಂದು ಬೋಧಿಸುತ್ತಾನೆ. ಸುಷುಪ್ತಿಯಿಂದ, ಅಂದರೆ ಕನಸಿಲ್ಲದ ಗಾಢನಿದ್ರೆಯಿಂದ ಎದ್ದವನು ತಾನು ಸುಖವಾಗಿ ಮಲಗಿದ್ದೆನೆಂದೂ ಏನನ್ನೂ ಅರಿಯಲಿಲ್ಲವೆಂದೂ ಹೇಳುತ್ತಾನೆ; ಅನುಭವವಿಲ್ಲದೆ ಸ್ಮರಣೆ ಹುಟ್ಟದಾದ್ದರಿಂದ ಆಗಲೂ ಸಾಕ್ಷಿಚೈತನ್ಯ, ಅಂದರೆ ಸುಮ್ಮನೆ ನೋಡುತ್ತಿರುವ ಅರಿವು, ಇತ್ತೆಂದು ಅದ್ವೈತಿಗಳು ವಾದಿಸಿದರೆ, ಅದು ಸ್ಮರಣೆಯಲ್ಲ, ಎದ್ದ ಮೇಲೆ ಮಾಡಿಕೊಂಡ ಅನುಮಾನ, ಅಂದರೆ ತರ್ಕದಿಂದ ತಲುಪಿದ ತೀರ್ಮಾನವೆಂದು ನ್ಯಾಯದರ್ಶನದ ನೈಯಾಯಿಕರು ಆಕ್ಷೇಪಿಸುತ್ತಾರೆ.

ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಎಂಬ ರೋಗವು ಈ ವಾದಕ್ಕೆ ಹೊಸ ತೂಕವನ್ನು ತರುತ್ತದೆ. ಇದರ ಸಾಮಾನ್ಯ ರೂಪದಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿ, ಕನಿಷ್ಠ 10 ಸೆಕೆಂಡು ಗಾಳಿ ನಿಲ್ಲುತ್ತದೆ. ರಕ್ತದ ಆಮ್ಲಜನಕ ಇಳಿದೊಡನೆ ಮಿದುಳು ಕ್ಷಣಕಾಲ ಎಚ್ಚೆತ್ತು ಉಸಿರನ್ನು ಮರಳಿಸುತ್ತದೆಯಾದರೂ ಮಲಗಿದವನಿಗೆ ಅದರ ನೆನಪು ಸಾಮಾನ್ಯವಾಗಿ ಉಳಿಯುವುದಿಲ್ಲ. ಉಸಿರು ನಿಲ್ಲುವ ಅಥವಾ ತೀರಾ ಕುಗ್ಗುವ ಪ್ರಸಂಗಗಳು ಗಂಟೆಗೆ 30 ಅಥವಾ ಹೆಚ್ಚಾದರೆ ರೋಗವನ್ನು ತೀವ್ರವೆಂದು ಎಣಿಸುತ್ತಾರೆ. ಪ್ರತಿಸಲವೂ ದೇಹವನ್ನು ಅಪಾಯಕ್ಕೆ ಸಜ್ಜುಗೊಳಿಸುವ ಅನುವೇದನಾ ನರವ್ಯೂಹ ಕೆರಳಿ ರಕ್ತದೊತ್ತಡ ಏರುತ್ತದೆ, ಮುಚ್ಚಿದ ದಾರಿಯ ವಿರುದ್ಧ ಎದೆ ಸೆಣಸುವುದರಿಂದ ಹೃದಯದ ಗೋಡೆಗಳ ಮೇಲೆ ಭಾರ ಬೀಳುತ್ತದೆ. ಅಧಿಕ ರಕ್ತದೊತ್ತಡ, ಹೃತ್ಕರ್ಣದ ಲಯ ತಪ್ಪುವಿಕೆ, ಹೃದಯ ವೈಫಲ್ಯ ಮತ್ತು ಪಾರ್ಶ್ವವಾಯುಗಳೊಡನೆ ಈ ರೋಗದ ನಂಟು ದೃಢಪಟ್ಟಿದೆ.

ಹಾಗಾದರೆ ಸುಖನಿದ್ರೆಯ ಸ್ಮರಣೆ ಸುಳ್ಳೇ? ಸಾಕ್ಷಿ ಎಂಬುದು ಚೈತನ್ಯದ ಇರವನ್ನು ಕುರಿತ ಮಾತೇ ಹೊರತು ಶರೀರದ ಸ್ಥಿತಿಯ ವರದಿಯಲ್ಲವಾದ್ದರಿಂದ ಅದ್ವೈತದ ಸಿದ್ಧಾಂತ ಇದರಿಂದ ಬೀಳುವುದಿಲ್ಲ. ಆದರೆ ಅದೇ ಸ್ಮರಣೆಯನ್ನು ಆರೋಗ್ಯಕ್ಕೆ ಪ್ರಮಾಣವಾಗಿಸುವುದು ತಪ್ಪು. ತನ್ನ ನಿದ್ರೆಯ ಉಸಿರನ್ನು ತಾನೇ ಕಾಣಲಾರದವನಿಗೆ ಪಕ್ಕದಲ್ಲಿ ಮಲಗಿದವರ ಮಾತೇ ಆಪ್ತವಾಕ್ಯ, ಅಂದರೆ ಜ್ಞಾನಕ್ಕೆ ಆಧಾರವಾಗುವ ನಂಬಲರ್ಹರ ನುಡಿ.

1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಪ್ರಕಟಿಸಿದ ಸಿಪ್ಯಾಪ್ ಎಂಬ ಚಿಕಿತ್ಸಾ ವಿಧಾನ, ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಶ್ವಾಸಮಾರ್ಗವನ್ನು ತೆರೆದಿಡುತ್ತದೆ. ಅದು ಹಗಲಿನ ತೂಕಡಿಕೆಯನ್ನೂ ರಕ್ತದೊತ್ತಡವನ್ನೂ ತಗ್ಗಿಸಬಲ್ಲದಾದರೂ, ಅದರಿಂದ ಹೃದಯಾಘಾತಗಳು ಕಡಿಮೆಯಾದುದನ್ನು 2016ರ ದೊಡ್ಡ ಪ್ರಯೋಗವೊಂದು ತೋರಿಸಲಿಲ್ಲ. ಆದ್ದರಿಂದ ತೂಕ, ರಕ್ತದೊತ್ತಡ, ಮದ್ಯಪಾನಗಳ ಹತೋಟಿಯೂ ಚಿಕಿತ್ಸೆಯ ಅಂಗವಾಗಬೇಕು. ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ಬಗೆಯದೆ, ಉಸಿರು ನಿಲ್ಲುತ್ತಿದೆಯೆಂದು ಮನೆಯವರು ಹೇಳಿದಾಗ ಆ ಮಾತಿಗೆ ಮನ್ನಣೆ ಕೊಟ್ಟು ವೈದ್ಯರನ್ನು ಕಾಣುವುದು ವಿವೇಕಿಯ ಕರ್ತವ್ಯ.