ಗೆದ್ದ ಮೇಲೆ ಉಳಿಯುವ ಪ್ರಶ್ನೆ

ಯುದ್ಧದ ವಿಡಿಯೊ ಗೇಮ್‌ನಲ್ಲಿ ನಾವು ಆಡಿಸುವ ಯೋಧನಿಗೆ ಸಾಮಾನ್ಯವಾಗಿ ತಾಯಿತಂದೆ ಇರುವುದಿಲ್ಲ. ಅವನು ಯಾವ ಊರಿನಲ್ಲಿ ಹುಟ್ಟಿದ, ಯಾರ ಕೈ ಹಿಡಿದು ಶಾಲೆಗೆ ಹೋದ, ಕತ್ತಲಾದರೆ ಯಾವುದಕ್ಕೆ ಹೆದರುತ್ತಿದ್ದ ಎಂಬುದೆಲ್ಲ ಆಟಕ್ಕೆ ಬೇಡ. ಬಂದೂಕು ಹಿಡಿದ ಎರಡು ಕೈ ಪರದೆಯ ಮೇಲೆ ಕಂಡರೆ ಸಾಕು, ಮಿಕ್ಕದ್ದು ನಮ್ಮ ಬೆರಳುಗಳ ಕೆಲಸ. ಅಂಥ ಆಟವೊಂದನ್ನು ಆಧರಿಸಿ ಕಾದಂಬರಿ ಬರೆಯಲು ಕೂತವರಿಗೆ ಮೊದಲು ಎದುರಾಗುವುದು ಈ ಖಾಲಿ ಜಾಗ. 2001ರ ನವೆಂಬರಿನಲ್ಲಿ ‘ಹೇಲೊ’ ಎಂಬ ಆಟ ಮಾರುಕಟ್ಟೆಗೆ ಬಂತು. ಅದಕ್ಕೆ ಎರಡು ವಾರ ಮೊದಲೇ ಅಮೆರಿಕದ ಲೇಖಕ ಎರಿಕ್ ನೈಲಂಡ್ ತಮ್ಮ ‘ದಿ ಫಾಲ್ ಆಫ್ ರೀಚ್’ ಕಾದಂಬರಿಯಲ್ಲಿ ಆ ಜಾಗವನ್ನು ತುಂಬಿದ್ದರು. ಬಸವೇಶ್ವರನಗರದ ನಮ್ಮ ಬೀದಿಯ ಎಂಜಿನಿಯರಿಂಗ್ ಹುಡುಗನೊಬ್ಬ ತಾನು ಓದಿದ ಪ್ರತಿಯನ್ನು ನನಗೆ ಕೊಟ್ಟ. ಅಂತರಿಕ್ಷದ ಹಡಗುಗಳ ಕಾಳಗವೇ ಪುಸ್ತಕದ ಬಹುಪಾಲನ್ನು ಆವರಿಸಿದೆ, ಆದರೆ ನನ್ನನ್ನು ಬಿಡದೆ ಹಿಡಿದದ್ದು ಅದರ ಮೊದಲ ಭಾಗ.

ಕ್ರಿ.ಶ. 2517. ಡಾಕ್ಟರ್ ಹ್ಯಾಲ್ಸಿ ಎಂಬ ವಿಜ್ಞಾನಿ ಒಂದು ಶಾಲೆಯ ಆಟದ ಬಯಲಿಗೆ ಬಂದು ಜಾನ್ ಎಂಬ ಆರು ವರ್ಷದ ಹುಡುಗನ ಮುಂದೆ ನಾಣ್ಯವನ್ನು ಚಿಮ್ಮುತ್ತಾಳೆ. ಅದು ಯಾವ ಮಗ್ಗುಲಿಗೆ ಬೀಳುತ್ತದೆಂದು ಅವನು ಸರಿಯಾಗಿ ಹೇಳುತ್ತಾನೆ, ಆಯ್ಕೆಯಾಗುತ್ತಾನೆ. ಹೀಗೆ ಆರಿಸಿದ 75 ಮಕ್ಕಳನ್ನು ಮನೆಯವರಿಗೆ ತಿಳಿಯದಂತೆ ಅಪಹರಿಸಿ ‘ರೀಚ್’ ಎಂಬ ಗ್ರಹದ ಸೇನಾನೆಲೆಗೆ ಒಯ್ಯುತ್ತಾರೆ. ಮನೆತನದ ಹೆಸರು ಹೋಗಿ ಅದರ ಜಾಗದಲ್ಲಿ ಒಂದು ಸಂಖ್ಯೆ ಬರುತ್ತದೆ. ತರಬೇತಿಯ ಶುರುವಿನಲ್ಲೇ ಜಾನ್ ತನ್ನ ತಂಡದವರನ್ನು ಹಿಂದೆ ಬಿಟ್ಟು ಓಡಿ ಗಂಟೆ ಬಾರಿಸುತ್ತಾನೆ. ತಂಡ ಕೊನೆಯದಾಯಿತೆಂದು ಅವನಿಗೂ ಅವರಿಗೂ ರಾತ್ರಿ ಊಟ ಇಲ್ಲವಾಗುತ್ತದೆ. ಹದಿನಾಲ್ಕರ ಹೊತ್ತಿಗೆ ಮೂಳೆ, ಸ್ನಾಯು, ಕಣ್ಣುಗಳನ್ನು ಬಲಪಡಿಸುವ ಶಸ್ತ್ರಚಿಕಿತ್ಸೆಗಳು. ಅವುಗಳಲ್ಲಿ 30 ಮಕ್ಕಳು ಸಾಯುತ್ತಾರೆ, 12 ಮಕ್ಕಳ ಅಂಗಗಳು ಊನವಾಗುತ್ತವೆ. ಉಳಿದ 33 ಮಂದಿಯಲ್ಲಿ ಒಬ್ಬನೇ ಮುಂದೆ ಲಕ್ಷಾಂತರ ಜನ ಆಟದಲ್ಲಿ ಮೆಚ್ಚಿದ ‘ಮಾಸ್ಟರ್ ಚೀಫ್’.

ಇದಿಷ್ಟೇ ಆಗಿದ್ದರೆ ಕ್ರೌರ್ಯದ ಕಥೆಗಳ ಸಾಲಿನಲ್ಲಿ ಇನ್ನೊಂದು ಎಂದುಕೊಳ್ಳಬಹುದಿತ್ತು. ಆದರೆ ಅಪಹರಣ ಬಯಲಾಗದಿರಲೆಂದು ಹ್ಯಾಲ್ಸಿ ಮಾಡುವ ಏರ್ಪಾಡು ಒಂದಿದೆ. ಪ್ರತಿ ಮಗುವಿನ ತದ್ರೂಪಿಯನ್ನು ಪ್ರಯೋಗಾಲಯದಲ್ಲಿ ಅವಸರದಿಂದ ಬೆಳೆಸಿ ಅವರವರ ಮನೆಗಳಲ್ಲಿ ಇಟ್ಟುಬರುತ್ತಾರೆ. ಆ ಅವಸರದ ದೇಹಗಳು ಬಹುಕಾಲ ಬಾಳುವುದಿಲ್ಲ. ಕಾದಂಬರಿ ಈ ಮಾತನ್ನು ಹೇಳಿ ದಾಟಿಬಿಡುತ್ತದೆ. ಓದುಗನಾದ ನನಗೆ ದಾಟಲಾಗಲಿಲ್ಲ. ನಿನ್ನೆಯವರೆಗೆ ಓಡಾಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗಿರುವುದನ್ನು ಕಂಡ ತಾಯಿ ಏನೆಂದುಕೊಂಡಿರಬೇಕು? ದೃಷ್ಟಿ ತಾಕಿತೆಂದುಕೊಂಡಳೇ, ತನ್ನ ಆರೈಕೆಯಲ್ಲೇ ಎಲ್ಲೋ ಕೊರತೆಯಾಯಿತೆಂದು ಒಳಗೊಳಗೇ ಬೆಂದಳೇ? ಆಸ್ಪತ್ರೆಯ ಮಂಚದ ಪಕ್ಕ ರಾತ್ರಿಯಿಡೀ ಕೂತು, ಕೊನೆಗೆ ಮಣ್ಣು ಮಾಡಿ ಬಂದವರು ತಮ್ಮ ಮಗ ಎಲ್ಲೋ ಬದುಕಿದ್ದಾನೆಂಬ ಸಣ್ಣ ಆಸೆಗೂ ಹಕ್ಕಿಲ್ಲದವರಾದರು. ಮಗುವನ್ನು ಕಸಿದದ್ದು ಒಂದು ಅಪರಾಧವಾದರೆ, ಹುಡುಕುವ ಅವಕಾಶವನ್ನೂ ಕಸಿದದ್ದು ಅದಕ್ಕಿಂತ ಆಳವಾದ ಇನ್ನೊಂದು. ಮತ್ತೆ ಆ ತದ್ರೂಪಿಯೂ ನೋವನ್ನು ಉಂಡ ಒಂದು ಮಗುವೇ ಅಲ್ಲವೇ? ಅದರ ಲೆಕ್ಕ ಇಟ್ಟವರು ಯಾರು?

ಪುಸ್ತಕ ಹಿಂತಿರುಗಿಸುವಾಗ ಇದನ್ನೇ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಅಂಕಲ್, ಅವರು ಇಲ್ಲದೇ ಹೋಗಿದ್ದರೆ ಭೂಮಿ ಉಳೀತಾನೇ ಇರಲಿಲ್ಲವಲ್ಲ?” ಎಂದ. ಇದು ಎಳೆಯ ಮಾತಲ್ಲ, ಬಹಳ ಹಳೆಯ ಮಾತು. ಆದರೆ ಆ ಮಕ್ಕಳನ್ನು ತಯಾರು ಮಾಡಿದ್ದು ಮುಂದೆ ದಾಳಿಯಿಟ್ಟ ಅನ್ಯಗ್ರಹದವರ ವಿರುದ್ಧವಲ್ಲ. ದೂರದ ವಸಾಹತುಗಳಲ್ಲಿ ದಂಗೆಯೆದ್ದ ಮನುಷ್ಯರನ್ನೇ ಅಡಗಿಸಲು ಅವರು ಬೇಕಾಗಿದ್ದರು. ಮೊದಲ ಕಾರ್ಯಾಚರಣೆಯಲ್ಲಿ ಅವರು ಹಿಡಿದು ತರುವುದು ಬಂಡಾಯದ ಒಬ್ಬ ಮುಖಂಡನನ್ನು. ಅನ್ಯಗ್ರಹದ ದಾಳಿ ಬಂದದ್ದು ಆಮೇಲೆ. ಬಂದದ್ದೇ ತಡ, ಹಿಂದಿನದೆಲ್ಲ ದೂರದೃಷ್ಟಿಯಂತೆ ಕಾಣತೊಡಗುತ್ತದೆ. ಗೆಲುವಿಗೆ ಇಂಥದೊಂದು ಶಕ್ತಿಯಿದೆ: ಅದು ಮುಂದಿನ ದಿನಗಳನ್ನಷ್ಟೇ ಗೆಲ್ಲುವುದಿಲ್ಲ, ಹಿಂದಕ್ಕೆ ನಡೆದು ಹೋಗಿ ಮೊದಲ ತಪ್ಪಿನ ಬಾಯನ್ನೂ ಮುಚ್ಚಿಸುತ್ತದೆ. “ಉಳಿಸಿದರು, ನಿಜ ಕಣಪ್ಪ, ಆದರೆ ಎತ್ತಿಕೊಂಡು ಹೋದ ದಿನ ಅದು ಯಾರಿಗೆ ಗೊತ್ತಿತ್ತು?” ಎಂದೆ.

ಇದು 26ನೇ ಶತಮಾನದ ಕಲ್ಪನೆ ಎಂದು ಮನಸ್ಸು ಹಗುರ ಮಾಡಿಕೊಳ್ಳುವಂತೆಯೂ ಇಲ್ಲ. ಹ್ಯಾಲ್ಸಿಯ ಯೋಧರಿಗೆ ಹೆಸರು ಕೊಟ್ಟ ಸ್ಪಾರ್ಟಾದಲ್ಲಿ ಏಳರ ಹರೆಯದ ಹುಡುಗರು ಮನೆ ಬಿಡಬೇಕಿತ್ತು, ಆಟೊಮನ್ ಸುಲ್ತಾನರ ಜಾನಿಸರಿ ಪಡೆಗೆ ಕ್ರೈಸ್ತ ಹಳ್ಳಿಗಳಿಂದ ಗಂಡುಮಕ್ಕಳನ್ನು ಒಯ್ಯುತ್ತಿದ್ದರು. ಅಷ್ಟು ದೂರವೂ ಬೇಡ. ಬೆಂಗಳೂರಿನ ಪಶ್ಚಿಮದ ಬಡಾವಣೆಗಳಿಂದ ತುಮಕೂರು ರಸ್ತೆ ಹಿಡಿದರೆ ಕೆಲವು ಗಂಟೆಗಳಲ್ಲಿ ಚಿತ್ರದುರ್ಗ. 1779ರಲ್ಲಿ ಹೈದರ್ ಅಲಿ ಆ ಕೋಟೆಯನ್ನು ಗೆದ್ದ. ಮದಕರಿ ನಾಯಕನ ಪತನದ ಆ ಕಥೆಯನ್ನು ತ.ರಾ.ಸು. ಅವರ ‘ದುರ್ಗಾಸ್ತಮಾನ’ ನಮ್ಮ ಮನೆಮನೆಗೆ ತಲುಪಿಸಿದೆ. ಗೆದ್ದವನು ದುರ್ಗದ ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರಲ್ಲಿ ತಕ್ಕ ವಯಸ್ಸಿನ ಬೇಡರ ಹುಡುಗರನ್ನು ಆರಿಸಿ, ಮತಾಂತರಿಸಿ, ‘ಚೇಲಾ’ ಪಡೆಗಳನ್ನು ಕಟ್ಟಿದ. ಇತಿಹಾಸದ ಪುಸ್ತಕಗಳಲ್ಲಿ ಇದು ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಇದನ್ನು ಒಬ್ಬ ದೊರೆಯ ಅಥವಾ ಒಂದು ಮತದ ಮೇಲೆ ಹೊರಿಸಿ ಎದ್ದುಹೋಗುವುದು ಸುಲಭ; ಆದರೆ ಯುದ್ಧಕ್ಕೆ ಕೈಗಳು ಬೇಕಾದಾಗ, ಇನ್ನೂ ಪ್ರಶ್ನೆ ಕೇಳಲು ಬಾರದ ಮಕ್ಕಳ ಮೇಲೆ ಕಣ್ಣುಹಾಕದ ಅಧಿಕಾರ ಲೋಕದಲ್ಲಿ ವಿರಳ. ಯುದ್ಧಗಳಿಂದ ಮಕ್ಕಳನ್ನು ದೂರವಿಡಬೇಕೆಂಬ ವಿಶ್ವಸಂಸ್ಥೆಯ ವಿಶೇಷ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿದ್ದೇ 2000ದ ಮೇ ತಿಂಗಳಲ್ಲಿ, ಅದು ಜಾರಿಗೆ ಬಂದದ್ದು 2002ರಲ್ಲಿ. ನೈಲಂಡರ ಕಾದಂಬರಿ ಆ ಎರಡರ ನಡುವೆ ಪ್ರಕಟವಾಯಿತು.

ಇಲ್ಲಿ ನನಗೆ ರನ್ನ ನೆನಪಾಗುತ್ತಾನೆ. ‘ಗದಾಯುದ್ಧ’ದ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ, ತನ್ನ ಕಡೆಯವರೇ ಸುತ್ತುವರಿದು ಕೊಂದ ಅಭಿಮನ್ಯುವಿನ ಮುಂದೆ ನಿಲ್ಲುತ್ತಾನೆ, ಹಗೆಯ ಮಗನ ಶೌರ್ಯಕ್ಕೆ ತಲೆಬಾಗುತ್ತಾನೆ, ತನ್ನ ಮಗ ಲಕ್ಷಣಕುಮಾರನ ಹೆಣದೆದುರು ಅಳುತ್ತಾನೆ. ಹತ್ತನೇ ಶತಮಾನದ ಆ ಕವಿಗೆ ಗೊತ್ತಿತ್ತು, ಯುದ್ಧದ ಕಥೆಗೆ ಒಂದು ಕಡೆ ನಿಲ್ಲುವ ಧೈರ್ಯ ಬೇಕು ಎಂದು. ಆಟ ನಿಲ್ಲಲಾರದು, ನಿಂತರೆ ಅದು ಆಟವೇ ಅಲ್ಲ. ನೈಲಂಡ್ ನಿಲ್ಲುತ್ತಾರೆ, ಸತ್ತ ಜೊತೆಗಾರರ ಅಂತ್ಯಕ್ರಿಯೆಯಲ್ಲಿ ಜಾನ್‌ನನ್ನೂ ನಿಲ್ಲಿಸುತ್ತಾರೆ. ಆದರೆ ಬೇಗನೆ ಹೊರಟುಬಿಡುತ್ತಾರೆ. ಆಟಕ್ಕೆ ಹುಟ್ಟಿದ ಪುಸ್ತಕಕ್ಕೆ ಆಟದ ಗಡಿಯಾರವೇ ಆಧಾರವಾಗಿತ್ತೋ ಏನೋ. ಹಾಗಿದ್ದೂ ಅವರು ಆ ಬಾಗಿಲನ್ನು ತೆರೆದಿಟ್ಟರೆಂಬುದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಮುಖಕವಚದ ಹಿಂದೆ ಆರು ವರ್ಷದ ಒಬ್ಬ ಹುಡುಗನಿದ್ದಾನೆಂದು ಅರಿತವನು ಆಡಿದರೂ, ಮೊದಲಿನಂತೆ ಆಡಲಾರ.

ಆರಿಸಿಕೊಳ್ಳುವ ಆ ನಾಣ್ಯದ ದೃಶ್ಯ ಮಾತ್ರ ನಮ್ಮ ಬೀದಿಗಳಿಗೂ ಹಿಂಬಾಲಿಸಿ ಬರುತ್ತದೆ. ವಿಜಯನಗರದಲ್ಲಿ, ರಾಜಾಜಿನಗರದಲ್ಲಿ ಹನ್ನೊಂದು ಹನ್ನೆರಡರ ಮಕ್ಕಳು ಶಾಲೆ ಮುಗಿಸಿ ಕೋಚಿಂಗ್ ಕ್ಲಾಸಿಗೆ ಹೋಗುವುದನ್ನು ನೋಡುತ್ತೇವೆ. “ಸೆಲೆಕ್ಟ್ ಆದ” ಎಂಬ ಮಾತು ಮನೆಗೆ ಸಿಹಿ ತರುತ್ತದೆ. ಅಪಹರಣಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಇಲ್ಲಿರುವುದು ತಂದೆತಾಯಿಯರ ಪ್ರೀತಿಯೇ. ಆದರೂ ಮಗುವಿನಲ್ಲಿರುವ ಒಂದು ಜಾಣತನವನ್ನು ಕಂಡ ಕೂಡಲೇ ಅದು ಯಾವುದಕ್ಕೆ ಉಪಯೋಗವಾದೀತು ಎಂದು ಯೋಚಿಸತೊಡಗುವ ಆ ಚುರುಕು ಕಣ್ಣು ನಮ್ಮೊಳಗೂ ಇಲ್ಲವೇ? ಮುಂದೆ ಆ ಮಗು ಗೆದ್ದರೆ, ನಡುವೆ ಏನು ಕಳೆಯಿತೆಂದು ಯಾರೂ ಕೇಳುವುದಿಲ್ಲ. ಗೆಲ್ಲದವರನ್ನಂತೂ ಮೊದಲೇ ಮರೆತಿರುತ್ತೇವೆ. ಅಂಗ ಊನವಾದ ಆ 12 ಮಕ್ಕಳಂತೆ.

2011ರಲ್ಲಿ ಇದೇ ಸರಣಿಯ ‘ಗ್ಲಾಸ್‌ಲ್ಯಾಂಡ್ಸ್’ ಕಾದಂಬರಿಯಲ್ಲಿ ಕ್ಯಾರೆನ್ ಟ್ರಾವಿಸ್ ಎಂಬ ಲೇಖಕಿ ಹ್ಯಾಲ್ಸಿಯನ್ನು ಕೊನೆಗೂ ಕಟಕಟೆಯ ಹತ್ತಿರ ತಂದರು. ಯುದ್ಧ ಮುಗಿದಿದೆ, ಭೂಮಿ ಉಳಿದಿದೆ, ಈಗ ಅವಳನ್ನು ಬಂಧಿಸಲಾಗುತ್ತದೆ. ಬಂಧಿಸುವವರು ಆ ಯೋಜನೆಯನ್ನು ನಡೆಸಿದ ಸೇನಾ ಗುಪ್ತಚರ ಇಲಾಖೆಯವರೇ. ತಪ್ಪನ್ನೆಲ್ಲ ಒಬ್ಬಳ ಹೆಗಲಿಗೆ ಹಾಕಿ ಉಳಿದವರು ಹೊರಬಂದರೆಂದು ಕೆಲವು ಓದುಗರಿಗೆ ಅನ್ನಿಸಬಹುದು, ನನಗೂ ಹಾಗೆ ಅನ್ನಿಸುತ್ತದೆ. ಅವಳು ಉತ್ತರ ಕೊಡಬೇಕಾದವಳೇ. ಆದರೆ ಅವಳೊಬ್ಬಳೇ ಅಲ್ಲ. ಆ ಮಕ್ಕಳ ಬಲದಿಂದ ಉಳಿದುಕೊಂಡ ಗ್ರಹದಲ್ಲಿ, ಮಣ್ಣು ಮಾಡಿದ್ದು ತಮ್ಮ ಮಗುವನ್ನಲ್ಲವೆಂದು ಆ ತಂದೆತಾಯಿಯರಿಗೆ ಹೋಗಿ ಹೇಳುವ ಕೆಲಸ ಯಾರದ್ದು?