ಮರಳಿದ ಪರವಾನಗಿ, ಉಳಿದ ಹೊಣೆ

ದಂಡದ ಅವಧಿ ಮುಗಿದ ದಿನವೇ ದೋಷವೂ ಮುಗಿಯುವುದೇ ಎಂಬುದು ಬಹು ಹಳೆಯ ಪ್ರಶ್ನೆ. ಹಿಂದೆ ಇದು ಮುನಿಸಂಘದಲ್ಲಿಯೂ ಊರ ಪಂಚಾಯಿತಿಯಲ್ಲಿಯೂ ವಿಚಾರಣೆಗೆ ಬರುತ್ತಿತ್ತು; ಇಂದು ಚಾಲನಾ ಪರವಾನಗಿ, ವಾಹನ ವಿಮೆಗಳಂತಹ ಲೌಕಿಕ ಕಾಗದಪತ್ರಗಳ ನಡುವೆಯೂ ಎದುರಾಗುತ್ತಿದೆ. ಅಮಾನತುಗೊಂಡ ಪರವಾನಗಿಯನ್ನು ಮರಳಿ ಪಡೆದ ಚಾಲಕನಿಗೆ ವಿಮೆಯ ರಕ್ಷಣೆ ದೊರೆತೊಡನೆ ಹೊಣೆ ತೀರಿತೆ? ಅವನ ಕೈಗೆ ಮತ್ತೆ ವಾಹನವನ್ನು ಒಪ್ಪಿಸುವವರ ಕರ್ತವ್ಯವೇನು?

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಒಬ್ಬ ಚಾಲಕನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಬಸದಿಯೊಂದರ ಟ್ರಸ್ಟಿನ ಕಾರನ್ನು ನಡೆಸಿ ಸಂಸಾರ ಸಾಗಿಸುವ ಅವನು ತುಮಕೂರು ಸಮೀಪದ ಮಂದಾರಗಿರಿಗೂ ಶ್ರವಣಬೆಳಗೊಳಕ್ಕೂ ಯಾತ್ರಿಕರನ್ನು ಕರೆದೊಯ್ಯುವವನು. ಒಂದು ದಿನ ಮೊಬೈಲಿನಲ್ಲಿ ಮಾತನಾಡುತ್ತ ಕಾರು ನಡೆಸುವಾಗ ಪೊಲೀಸರಿಗೆ ಸಿಕ್ಕಿಬಿದ್ದನೆಂದು ಭಾವಿಸಬಹುದು. ಈ ತಪ್ಪಿಗೂ, ಅತಿವೇಗ, ಕುಡಿದು ಚಾಲನೆ ಮೊದಲಾದವಕ್ಕೂ ಕನಿಷ್ಠ ಮೂರು ತಿಂಗಳು ಪರವಾನಗಿಯನ್ನು ಅಮಾನತಿನಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಈ ಸೀಮೆಯ ವಾಹನಗಳಿಗೆ ಕೆಎ-64 ಸಂಖ್ಯೆ ನೀಡುವ ಮಧುಗಿರಿಯ ಸಾರಿಗೆ ಕಚೇರಿಯಲ್ಲಿ ಅವನ ಅಹವಾಲು ಕೇಳಿದ ಮೇಲೆ ಆದೇಶವಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 19ನೆಯ ಕಲಮಿನಂತೆ 30 ದಿನಗಳೊಳಗೆ ಮೇಲ್ಮನವಿಗೂ ಅವಕಾಶವಿದೆ. 2019ರ ತಿದ್ದುಪಡಿಯು ಮರುತರಬೇತಿಯ ನಿಯಮವನ್ನು ಸೇರಿಸಿತು. ಅವಧಿ ಕಳೆದು, ತರಬೇತಿ ಪೂರೈಸಿದರೆ ಪರವಾನಗಿ ಮರಳಿ ಕೈಸೇರುತ್ತದೆ.

ಮುಂದಿನದು ವಿಮೆ. ಅನ್ಯರಿಗೆ ಆಗುವ ಹಾನಿಯನ್ನು ತುಂಬಿಕೊಡುವ ಮೂರನೆಯ ವ್ಯಕ್ತಿಯ ವಿಮೆಯನ್ನು ಕಾಯಿದೆಯ 146ನೆಯ ಕಲಮು ಕಡ್ಡಾಯ ಮಾಡಿದೆ. ಕಾರಿನ ಮಟ್ಟಿಗೆ ಈ ವಿಮೆಯ ಕಂತು ಎಂಜಿನ್ನಿನ ಸಾಮರ್ಥ್ಯವನ್ನು ನೋಡಿ ನಿಗದಿಯಾಗುತ್ತದೆಯೇ ಹೊರತು ಚಾಲಕನ ನಡತೆಯನ್ನು ನೋಡಿ ಅಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ರೀತಿ ಬೇರೆ. ಅಲ್ಲಿ ಗಂಭೀರ ತಪ್ಪಿಗೆ ಪರವಾನಗಿ ಕಳೆದುಕೊಂಡವನು ಅದನ್ನು ಮರಳಿ ಪಡೆಯುವಾಗ ತನ್ನ ವಿಮಾ ಕಂಪೆನಿಯಿಂದ ಎಸ್‌ಆರ್-22 ಎಂಬ ಪ್ರಮಾಣಪತ್ರವನ್ನು ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ, ಸಾಮಾನ್ಯವಾಗಿ ಮೂರು ವರ್ಷ ಅದನ್ನು ಉಳಿಸಿಕೊಳ್ಳಬೇಕು, ಕಂತೂ ಏರುತ್ತದೆ.

ಎರಡು ಕ್ರಮಗಳಲ್ಲಿ ನ್ಯಾಯವಾದುದು ಯಾವುದು? ನಮ್ಮ ಕ್ರಮದಲ್ಲಿ ಎಚ್ಚರದ ಚಾಲಕನು ಎಚ್ಚರಗೇಡಿಯ ಹೊರೆಯನ್ನೂ ಹೊರುತ್ತಾನೆ. ಅವರ ಕ್ರಮದಲ್ಲಿ ದಂಡ ತೆತ್ತವನು ಮತ್ತೊಮ್ಮೆ ದಂಡ ತೆರುತ್ತಾನೆ. ಬಡವನಾದರೆ ವೃತ್ತಿಯನ್ನೇ ಬಿಡಬೇಕಾದೀತು. ಆದರೂ ಒಂದು ಮಾತು ಸ್ಪಷ್ಟ. ಅಲ್ಲಿ ದೋಷದ ನೆನಪನ್ನು ಕಂತು ಉಳಿಸುತ್ತದೆ. ಇಲ್ಲಿ ಅದನ್ನು ಉಳಿಸಬೇಕಾದುದು ಮನುಷ್ಯನ ಅಂತಃಸಾಕ್ಷಿ.

ಜೈನಾಚಾರ್ಯರು ಈ ವಿಷಯವನ್ನು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಕೊನೆಯ ಮೂರು ಛೇದ, ಪರಿಹಾರ, ಉಪಸ್ಥಾಪನಾ. ದೀಕ್ಷೆಯ ಹಿರಿತನವನ್ನು ಕಡಿತ ಮಾಡುವುದು ಛೇದ. ನಿಯತಕಾಲ ಸಂಘದಿಂದ ದೂರವಿಡುವುದು ಪರಿಹಾರ. ಹೊಸದಾಗಿ ದೀಕ್ಷೆಯಿತ್ತು ಮತ್ತೆ ಸೇರಿಸಿಕೊಳ್ಳುವುದು ಉಪಸ್ಥಾಪನಾ. ದೂರವಿಟ್ಟವನಿಗೆ ಬಾಗಿಲು ಶಾಶ್ವತವಾಗಿ ಮುಚ್ಚಲಿಲ್ಲ. ಮರಳಿ ಬಂದವನಿಗೆ ಹಳೆಯ ಹಿರಿತನವನ್ನು ಹಾಗೆಯೇ ಕೊಡಲೂ ಇಲ್ಲ. ಕ್ಷಮೆಯೂ ಎಚ್ಚರವೂ ಒಂದೇ ವ್ಯವಸ್ಥೆಯೊಳಗೆ ಕೂಡಿ ನಡೆದವು. ಗೃಹಸ್ಥರ ವ್ಯವಹಾರಕ್ಕೂ ಇದು ದಾರಿದೀಪವಾಗಬಲ್ಲದು.

'ಯಾರಿಗೂ ಪೆಟ್ಟಾಗಲಿಲ್ಲವಲ್ಲ' ಎಂದು ಆ ಚಾಲಕನು ಹೇಳಬಹುದು. ಆದರೆ ಹಿಂಸೆಯ ಮೂಲವನ್ನು ಅದೇ ಗ್ರಂಥವು ಪ್ರಮಾದದಲ್ಲಿ ಗುರುತಿಸುತ್ತದೆ. ಮೊಬೈಲಿನಲ್ಲಿ ಮಗ್ನನಾಗಿ ಚಕ್ರ ಹಿಡಿದವನಲ್ಲಿ ಆ ಪ್ರಮಾದ ಆಗಲೇ ಉಂಟಾಗಿದೆ; ಎದುರಿಗೆ ಯಾರೂ ಬಾರದಿದ್ದುದು ಅವನ ಪುಣ್ಯ, ಗುಣವಲ್ಲ. ಹೆದ್ದಾರಿಯ ಅಪಾಯ ಈ ಸೀಮೆಗೆ ಅಪರಿಚಿತವೇನಲ್ಲ. 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಕ್ರೂಸರ್ ವಾಹನಕ್ಕೂ ಲಾರಿಗೂ ಅಪಘಾತವಾಗಿ, ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ರಾಯಚೂರು ಜಿಲ್ಲೆಯ ಒಂಬತ್ತು ಮಂದಿ ಅಸುನೀಗಿದರು. ಅಂತಹ ಮನೆಗಳಿಗೆ ಪರಿಹಾರಧನ ಅತ್ಯಗತ್ಯ; ಅನಾಥರಿಗೆ ಅದು ಅನ್ನವಾಗುತ್ತದೆ. ಆದರೆ ವಿಮೆಯು ತುಂಬಿಕೊಡುವುದು ಹಣದ ನಷ್ಟವನ್ನು ಮಾತ್ರ. ಕಂತು ಕಟ್ಟಿದ ರಸೀದಿಯನ್ನು ಪ್ರಮಾದಕ್ಕೆ ದೊರೆತ ಅನುಮತಿಪತ್ರವೆಂದು ಎಣಿಸಿದವನು ದಾನದ ರಸೀದಿ ತೋರಿಸಿ ಸುಳ್ಳು ಹೇಳುವವನಿಗೆ ಸಮಾನ.

ಸತ್ಯವ್ರತದ ಪರೀಕ್ಷೆಯೂ ವಿಮೆಯಲ್ಲಿದೆ. ವಿಮೆಯ ಒಪ್ಪಂದವು ಪೂರ್ಣ ನಂಬಿಕೆಯ ಮೇಲೆ ನಿಂತಿದೆ. ಪರಿಹಾರ ಕೇಳದೆ ಕಳೆದ ವರ್ಷಗಳಿಗಾಗಿ ಸ್ವಂತ ವಾಹನದ ಹಾನಿಯ ಕಂತಿನಲ್ಲಿ ಶೇಕಡಾ 20ರಿಂದ 50ರವರೆಗೆ ರಿಯಾಯಿತಿ ದೊರೆಯುತ್ತದೆ. ಪಡೆದ ಪರಿಹಾರವನ್ನು ಮರೆಮಾಚಿ ಆ ರಿಯಾಯಿತಿ ಪಡೆಯುವುದು ಅಸತ್ಯ. ಅನ್ಯರು ಕೂಡಿಟ್ಟ ನಿಧಿಯಿಂದ ತೆಗೆದುಕೊಂಡಂತಾಗುವುದರಿಂದ ಚೌರ್ಯವೂ ಹೌದು. ಅಮಾನತಿನ ಅವಧಿಯಲ್ಲಿಯೇ ಗುಟ್ಟಾಗಿ ವಾಹನ ನಡೆಸುವುದು ಇನ್ನೂ ದೊಡ್ಡ ಅಪರಾಧ. ಪರವಾನಗಿಯ ದೋಷವಿದ್ದರೂ ವಿಮಾ ಕಂಪೆನಿಯು ಮೊದಲು ನೊಂದವರಿಗೆ ಹಣ ಕೊಡಬೇಕಾಗಬಹುದು, ಆದರೆ ಮಾಲೀಕನು ತಕ್ಕ ಎಚ್ಚರ ವಹಿಸದಿದ್ದರೆ ಅದನ್ನು ಅವನಿಂದ ವಸೂಲು ಮಾಡಬಹುದು ಎಂಬ ಮಾರ್ಗವನ್ನು ಸರ್ವೋಚ್ಚ ನ್ಯಾಯಾಲಯವು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಮಾಲೀಕರು ಬಸದಿಯ ಟ್ರಸ್ಟಾಗಿದ್ದರೆ ಆ ಹಣ ಭಕ್ತರ ಕಾಣಿಕೆಯಿಂದಲೇ ಹೋಗಬೇಕು.

ಹಾಗಾದರೆ ಆ ಚಾಲಕನನ್ನು ಟ್ರಸ್ಟು ಕೈಬಿಡಬೇಕೆ? ಬೇಡ. ದಂಡ ಅನುಭವಿಸಿ, ಕಲಿತು ಬಂದವನ ಅನ್ನ ಕಿತ್ತುಕೊಳ್ಳುವುದು ದಯಾಧರ್ಮವಲ್ಲ. ಏನೂ ನಡೆದಿಲ್ಲವೆಂಬಂತೆ ಅಂದೇ ರಾತ್ರಿ ಇಡೀ ಕುಟುಂಬವೊಂದನ್ನು ಅವನ ಕೈಗೊಪ್ಪಿಸುವುದೂ ದಯೆಯಲ್ಲ, ಉದಾಸೀನ. ಮರಳಿದ ಪರವಾನಗಿಯನ್ನೂ ಚಾಲ್ತಿಯಲ್ಲಿರುವ ವಿಮೆಯನ್ನೂ ಧರ್ಮದರ್ಶಿಗಳು ಕಣ್ಣಾರೆ ನೋಡಬೇಕು. ಕೆಲವು ತಿಂಗಳು ಹಗಲಿನ, ಸಮೀಪದ ಪ್ರಯಾಣಗಳನ್ನಷ್ಟೇ ವಹಿಸಬೇಕು. ಚಾಲನೆಯ ವೇಳೆ ಅವನ ಮೊಬೈಲಿಗೆ ಕರೆಮಾಡುವ ಅಭ್ಯಾಸವನ್ನು ತಾವೂ ಬಿಡಬೇಕು, ಏಕೆಂದರೆ ಆ ಪ್ರಮಾದದಲ್ಲಿ ಕರೆದವರಿಗೂ ಪಾಲುಂಟು. ಚಾಲಕನು ಈ ಕಡಿತವನ್ನು ಅವಮಾನವೆಂದು ಭಾವಿಸದೆ ತಾನಾಗಿಯೇ ಒಪ್ಪಿಕೊಂಡರೆ ಅದೇ ಅವನ ಛೇದ, ಅದೇ ಅವನ ಉಪಸ್ಥಾಪನೆ. ಪರವಾನಗಿಯನ್ನು ಕಚೇರಿಯು ಒಂದು ದಿನದಲ್ಲಿ ಮರಳಿಸಬಲ್ಲದು. ವಿಶ್ವಾಸವನ್ನು ಅವನು ದಾರಿಯ ಮೇಲೆ ದಿನದಿನವೂ ಗಳಿಸಿಕೊಳ್ಳಬೇಕು.